ಅರವತ್ತನೇ ಮೈಲಿಯಲ್ಲಿ ಯಾರೂ ನೆನಪಾಗುವುದಿಲ್ಲ

ಕ್ಯಾನ್ಸರ್ ಸಂಸ್ಥೆಯೊಂದಕ್ಕೆ ದುಡ್ಡು ಕೂಡಿಸಲು ನಾನು ಪ್ರತಿ ವರ್ಷ ದೂರದ ಸೈಕಲ್ ಸವಾರಿ ಮಾಡುತ್ತೇನೆ. ಅದಕ್ಕೆ ದೇಣಿಗೆ ಕೊಟ್ಟವರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಕೊನೆಗೊಂದು ಸಾಲು ಸೇರಿಸಿರುತ್ತಾರೆ. "ಸುಸ್ತಾದಾಗ ಆ ರೋಗಿಗಳನ್ನ ನೆನಪು ಮಾಡ್ಕೊಳ್ಳಿ, ಶಕ್ತಿ ತಾನಾಗೇ ಬರುತ್ತೆ." ಪ್ರೀತಿಯಿಂದ ಬರೆದ ಮಾತು. ನಾನೂ "ಖಂಡಿತ" ಅಂತ ಉತ್ತರ ಹಾಕಿ, ಒಂದು ನಮಸ್ಕಾರದ ಚಿತ್ರ ಸೇರಿಸಿ ಕಳಿಸುತ್ತೇನೆ. ಆದರೆ ಈ ಸಾಲು ಕೆಲವು ವರ್ಷಗಳಿಂದ ನನ್ನನ್ನು ಕೊರೆಯುತ್ತಿದೆ. ಯಾಕಂದ್ರೆ ರಸ್ತೆಯ ಮೇಲೆ ಅದು ಹಾಗೆ ನಡೆಯುವುದಿಲ್ಲ. ನಾಲ್ಕು ಗಂಟೆ ಸೈಕಲ್ ತುಳಿದ ಮೇಲೆ, ಎದುರುಗಾಳಿಯಲ್ಲಿ, ಅಂಗೈ ಜೋಮು ಹಿಡಿದಿರುವಾಗ ನನಗೆ ಯಾವ ರೋಗಿಯೂ ನೆನಪಾಗುವುದಿಲ್ಲ. ನೆನಪಾಗುವುದು ಫ್ರಿಜ್ಜಿನಲ್ಲಿರುವ ಮೊಸರನ್ನ.

ನಾನಿರುವುದು ಬಾಸ್ಟನ್ನಿನ ಪಶ್ಚಿಮಕ್ಕಿರುವ ಒಂದು ಸಣ್ಣ ಊರಿನಲ್ಲಿ. ಇಲ್ಲಿ ಪ್ರತಿ ವರ್ಷ ಆಗಸ್ಟ್ ಶುರುವಿನಲ್ಲಿ ಪ್ಯಾನ್-ಮ್ಯಾಸ್ ಚಾಲೆಂಜ್ ಅನ್ನುವ ಸೈಕಲ್ ಸವಾರಿ ನಡೆಯುತ್ತದೆ. ಹಲವು ದಾರಿಗಳಿವೆ. ಹೆಸರಾದದ್ದು ಸ್ಟರ್‌ಬ್ರಿಜ್‌ನಿಂದ ಹೊರಟು ಕೇಪ್ ಕಾಡ್‌ನ ತುದಿಯಲ್ಲಿರುವ ಪ್ರಾವಿನ್ಸ್‌ಟೌನ್ ಮುಟ್ಟುವ ಎರಡು ದಿನದ ದಾರಿ. ಸುಮಾರು 186 ಮೈಲಿ, ಅಂದರೆ ಹತ್ತಿರ ಹತ್ತಿರ 300 ಕಿಲೋಮೀಟರ್. ಸವಾರರು ಕೂಡಿಸಿದ ಹಣವೆಲ್ಲ ಡೇನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ಹೋಗುತ್ತದೆ. 1980ರಲ್ಲಿ 36 ಜನ ಶುರು ಮಾಡಿದಾಗ ಕೂಡಿದ್ದು 10,200 ಡಾಲರ್. 2024ರಲ್ಲಿ ಅಲ್ಲಿಯವರೆಗಿನ ಒಟ್ಟು ಮೊತ್ತ ನೂರು ಕೋಟಿ ಡಾಲರ್ ದಾಟಿತು.

ಆ ಎರಡು ದಿನಗಳ ಬಗ್ಗೆ ನನ್ನ ತಕರಾರೇನಿಲ್ಲ. ಆವತ್ತು ಪ್ರೇರಣೆ ಗಿರಣೆ ಏನೂ ಬೇಕಾಗುವುದಿಲ್ಲ. ರಸ್ತೆಯ ಎರಡೂ ಕಡೆ ಕುರ್ಚಿ ಹಾಕಿಕೊಂಡು ಕೂತ ಜನ, ಹಸುವಿನ ಕೊರಳ ಗಂಟೆ ಅಲ್ಲಾಡಿಸುವ ಅಜ್ಜಿಯರು, ನೀರಿನ ಪೈಪ್ ಹಿಡಿದು ನಮ್ಮನ್ನು ತೋಯಿಸಲು ಕಾದಿರುವ ಮಕ್ಕಳು. ಸಾವಿರಾರು ಸೈಕಲ್‌ಗಳ ನಡುವೆ ಸಿಕ್ಕಿಕೊಂಡರೆ ನಿಲ್ಲಬೇಕು ಅಂದರೂ ನಿಲ್ಲಲಾಗದು. ತಕರಾರಿರುವುದು ಅದಕ್ಕೆ ಮುಂಚಿನ ತಿಂಗಳುಗಳ ಬಗ್ಗೆ. ಏಪ್ರಿಲ್‌ನಲ್ಲಿ ಚಳಿಗಾಲದ ಮರಳು ಇನ್ನೂ ರಸ್ತೆ ಅಂಚಿನಲ್ಲಿ ಬಿದ್ದಿರುತ್ತದೆ, ಬೆರಳು ಮರಗಟ್ಟುತ್ತವೆ. ಮೇ ತಿಂಗಳಲ್ಲಿ ಪೈನ್ ಮರದ ಹಳದಿ ಪುಡಿ ಮೂಗು ತುಂಬುತ್ತದೆ. ಜುಲೈನಲ್ಲಿ ಮಂಗಳೂರನ್ನು ನೆನಪಿಸುವ ಸೆಕೆ. ಇಷ್ಟರ ಮಧ್ಯೆ ವಾರಾಂತ್ಯ ಬಂತೆಂದರೆ ಒಂದು ದಿನ ಪೂರ್ತಿ ಸೈಕಲ್ ಮೇಲೆ ಕೂತಿರಬೇಕು. ಗಂಟೆ ಅಲ್ಲಾಡಿಸುವವರು ಯಾರೂ ಇರುವುದಿಲ್ಲ. ಹಿಂದಿನಿಂದ ಹಾರ್ನ್ ಹೊಡೆಯುವವರು ಇರುತ್ತಾರೆ.

ಹಸಿವೋ, ಹತಾಶೆಯೋ

ನಾನು ಅಭ್ಯಾಸಕ್ಕೆ ಹೋಗುವುದು ಈ ಕಡೆ ಸೈಕಲ್ ಹೊಡೆಯುವವರಿಗೆಲ್ಲ ಗೊತ್ತಿರುವ ದಾರಿಯಲ್ಲೇ. ಲೆಕ್ಸಿಂಗ್ಟನ್, ಕಾಂಕರ್ಡ್, ಕಾರ್ಲೈಲ್. ಕಾರ್ಲೈಲ್‌ನ ನಡುವೆ ಫರ್ನ್ಸ್ ಅಂತ ಒಂದು ಅಂಗಡಿ. ಅದರ ಮುಂದೆ ಬೆಳಗ್ಗೆ ಬೆಳಗ್ಗೆಯೇ ಸೈಕಲ್‌ಗಳು ಒರಗಿಕೊಂಡು ನಿಂತಿರುತ್ತವೆ. ಅಲ್ಲಿಂದ ಪಶ್ಚಿಮಕ್ಕೆ ತಿರುಗಿದರೆ ಹಾರ್ವರ್ಡ್. ವಿಶ್ವವಿದ್ಯಾಲಯ ಅಲ್ಲ, ಸೇಬಿನ ತೋಟಗಳಿರುವ ಹಳ್ಳಿ. ಅದರಾಚೆ ಪ್ರಿನ್ಸ್‌ಟನ್. ಅದೂ ವಿಶ್ವವಿದ್ಯಾಲಯವಲ್ಲ! ಅಲ್ಲಿ ವಚೂಸೆಟ್ ಬೆಟ್ಟ. ಎತ್ತರ 2,006 ಅಡಿ. ಮುಳ್ಳಯ್ಯನಗಿರಿ ನೋಡಿದವರಿಗೆ ಅದು ಬೆಟ್ಟವೇ ಅಲ್ಲ. ಆದರೆ ಮನೆಯಿಂದ ಅಲ್ಲಿಯವರೆಗೆ ತುಳಿದುಕೊಂಡು ಬಂದವರಿಗೆ ಅದು ಬೆಟ್ಟವೇ.

ಒಂದು ಜುಲೈ ಶನಿವಾರ ಆ ಬೆಟ್ಟದಿಂದ ವಾಪಸ್ ಬರುತ್ತಿದ್ದೆ. ಒಬ್ಬಳೇ. ಹೋಗುವಾಗ ಬೆನ್ನ ಹಿಂದೆ ಗಾಳಿ ಇತ್ತು ಅನ್ನುವುದು ತಿರುಗಿದ ಮೇಲಷ್ಟೇ ಗೊತ್ತಾಯಿತು. ಕತ್ತು ಹಿಡಿದಿತ್ತು. ಸೀಟಿನ ವಿಚಾರ ಬರೆಯುವುದಿಲ್ಲ, ತುಳಿದವರಿಗೆ ಗೊತ್ತು. ಆವತ್ತು ಬೇಕಂತಲೇ ಆ ಸಲಹೆಯನ್ನು ಪರೀಕ್ಷೆ ಮಾಡಿದೆ. ಸರಿ, ನೆನಪಿಸಿಕೊಳ್ಳೋಣ. ಆಸ್ಪತ್ರೆಯ ಮಂಚ, ಡ್ರಿಪ್ಪು, ಬೋಳು ತಲೆಯ ಮಗು. ಮನಸ್ಸಿನಲ್ಲಿ ಒಂದು ಮಗುವನ್ನು ಕೂರಿಸಿಕೊಂಡು ಅದರ ಮುಖ ನೋಡುತ್ತಾ ತುಳಿದೆ. ಏನಾಯಿತು ಗೊತ್ತಾ? ಕಾಲಿಗೆ ಒಂದು ಚೂರೂ ಬಲ ಬರಲಿಲ್ಲ. ಅದರ ಬದಲು ಸಿಟ್ಟು ಬಂತು. ಆ ಮಗು ನನ್ನ ಏರಿಗೆ ಪೆಟ್ರೋಲ್ ಆಗಲಿಕ್ಕೆ ಹುಟ್ಟಿದೆಯಾ? ಅದರ ಕಷ್ಟವನ್ನು ನಾನು ಸ್ವಲ್ಪ ಸ್ವಲ್ಪವಾಗಿ ಉರಿಸಿಕೊಂಡು ಮನೆ ಮುಟ್ಟಬೇಕಾ? ಅದೂ ನನಗೆ ನಾನೇ ತಂದುಕೊಂಡ ಸುಸ್ತಿಗೆ? ನನಗೆ ಸಾಕೆನಿಸಿದರೆ ಒಂದು ಫೋನ್ ಮಾಡಿದರಾಯಿತು, ಮನೆಯವರು ಕಾರ್ ತರುತ್ತಾರೆ. ಆ ಮಗುವಿಗೆ ಅಂಥ ಫೋನ್ ಇಲ್ಲ. ಇವೆರಡನ್ನೂ ಪಕ್ಕಪಕ್ಕ ಇಡುವುದೇ ನನಗೆ ಸರಿಕಾಣುವುದಿಲ್ಲ.

ಆಮೇಲೆ ಜೇಬಿನಲ್ಲಿದ್ದ ಕಡಲೆಬೀಜದ ಚಿಕ್ಕಿ ತಿಂದೆ. ಇನ್ನೊಂದು ತಿಂದೆ. ಉಪ್ಪು, ಸಕ್ಕರೆ, ನಿಂಬೆಹಣ್ಣು ಹಾಕಿದ ನೀರು ಕುಡಿದೆ. ಕಾಲು ಗಂಟೆಯಲ್ಲಿ ಲೋಕ ಸರಿಹೋಯಿತು. ಹಾರ್ನ್ ಹೊಡೆದು ಹೋದ ಪಿಕಪ್ ಟ್ರಕ್ಕಿನವನ ಮೇಲೂ ಸಿಟ್ಟು ಉಳಿಯಲಿಲ್ಲ.

ಇದರಲ್ಲಿ ಪವಾಡವೇನಿಲ್ಲ. ನಮ್ಮ ಸ್ನಾಯು ಮತ್ತು ಲಿವರ್ ಸೇರಿ ಕೂಡಿಟ್ಟುಕೊಳ್ಳುವ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಅರ್ಧ ಕೆಜಿ ಆಸುಪಾಸು. ಜೋರಾಗಿ ತುಳಿದರೆ ಎರಡು ಗಂಟೆ ಕಳೆಯುವಷ್ಟರಲ್ಲಿ ಅದು ತಳ ಕಾಣಲು ಶುರು. ರಕ್ತದಲ್ಲಿ ಸಕ್ಕರೆ ಇಳಿದರೆ ಕಾಲಿನ ಜೊತೆಗೆ ತಲೆಯೂ ಮಂಕಾಗುತ್ತದೆ, ಏಕೆಂದರೆ ಮೆದುಳು ನಡೆಯುವುದೂ ಅದರಿಂದಲೇ. ಇಲ್ಲಿನವರು ಇದಕ್ಕೆ ಬಾಂಕ್ ಆಗೋದು ಅಂತಾರೆ. ಗಂಟೆಗೆ 60 ಗ್ರಾಂನಷ್ಟು ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹಾಕುತ್ತಿರಬೇಕು ಅನ್ನುವುದು ದೂರದ ಸವಾರಿಗೆ ಎಲ್ಲರೂ ಹೇಳುವ ಲೆಕ್ಕ. ಇದು ತಿಳಿದ ಮೇಲೆ ನನಗೊಂದು ಅನುಮಾನ ಗಟ್ಟಿಯಾಗಿದೆ. "ಯಾಕಪ್ಪಾ ಇದೆಲ್ಲ" ಅನ್ನುವ ದೊಡ್ಡ ಪ್ರಶ್ನೆಗಳಲ್ಲಿ ಅರ್ಧಕ್ಕೂ ಜಾಸ್ತಿ ಬರೀ ಹಸಿವು. ಪ್ರೇರಣೆಯ ಭಾಷಣ ಕೇಳುವ ಮುಂಚೆ ಏನಾದರೂ ತಿಂದು ನೋಡಬೇಕು. ನನ್ನ ಜೇಬಿನಲ್ಲಿ ಈಗ ಜೆಲ್ ಪೊಟ್ಟಣಗಳಿಲ್ಲ. ಚಿಕ್ಕಿ, ಖರ್ಜೂರ, ಉಪ್ಪಿಗೆ ಅಂತ ನಾಲ್ಕು ಕೋಡುಬಳೆ. ಕೋಡುಬಳೆ ಒಂದೇ ತೊಂದರೆ, ಏರಿನಲ್ಲಿ ಅಗಿಯಲಿಕ್ಕೆ ಉಸಿರು ಸಾಲುವುದಿಲ್ಲ.

ಅಮ್ಮನ ಪ್ರಶ್ನೆ

ಅಮ್ಮ ಇರುವುದು ಬೇಲೂರಿನ ಹತ್ತಿರ. ಮೊದಲ ಸಲ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದಾಗ ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದರು. "ಅಲ್ಲ ಕಣೇ, ದುಡ್ಡು ಕೊಡೋದಿದ್ರೆ ಸುಮ್ನೆ ಕೊಡಬಹುದಲ್ಲ. ಸೈಕಲ್ ಯಾಕೆ ತುಳೀಬೇಕು?"

ಇದಕ್ಕಿಂತ ಒಳ್ಳೆ ಪ್ರಶ್ನೆಯನ್ನು ಯಾರೂ ಕೇಳಿಲ್ಲ. ನಾನು ತುಳಿಯುವ ಒಂದು ಮೈಲಿಯಿಂದಲೂ ಒಂದು ಕ್ಯಾನ್ಸರ್ ಜೀವಕೋಶ ಸಾಯುವುದಿಲ್ಲ. ದುಡ್ಡಿಗೂ ಸೈಕಲ್ಲಿಗೂ ನೇರವಾದ ಯಾವ ಸಂಬಂಧವೂ ಇಲ್ಲ. ನಾನು ಏನೋ ಉತ್ತರ ಹುಡುಕುತ್ತಿದ್ದೆ. ಅಷ್ಟರಲ್ಲಿ ಅಮ್ಮನೇ ಹೇಳಿದರು, "ಓ, ಧರ್ಮಸ್ಥಳದ ಪಾದಯಾತ್ರೆ ಥರಾನಾ?"

ಶಿವರಾತ್ರಿ ಹತ್ತಿರ ಬಂತೆಂದರೆ ನಮ್ಮ ಕಡೆಯ ರಸ್ತೆಗಳಲ್ಲಿ ಪಾದಯಾತ್ರೆಯವರು ಸಾಲುಗಟ್ಟುತ್ತಾರೆ. ಬೆಂಗಳೂರಿನಿಂದ, ಹಾಸನದಿಂದ ಬಂದವರು ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತಾರೆ. ಅಂಗಾಲಲ್ಲಿ ಬೊಬ್ಬೆ, ಹೆಗಲಿಗೆ ಟವೆಲ್ಲು. ದಾರಿಯುದ್ದಕ್ಕೂ ಊರಿನವರು ಶಾಮಿಯಾನ ಹಾಕಿ ಮಜ್ಜಿಗೆ, ಪಾನಕ, ಕಲ್ಲಂಗಡಿ ಹೋಳು ಕೊಡುತ್ತಾರೆ. ಕಾಲಿಗೆ ಎಣ್ಣೆ ಹಚ್ಚುವವರೂ ಇರುತ್ತಾರೆ. ಬಸ್ಸಿನಲ್ಲಿ ಹೋದರೂ ಅದೇ ಮಂಜುನಾಥ ಅಂತ ಅವರಿಗೂ ಗೊತ್ತು. ಆದರೂ ನಡೆಯುತ್ತಾರೆ. ಅಮ್ಮನಿಗೆ ಆ ಲೆಕ್ಕ ಸಾಕಾಯಿತು. ಅವತ್ತಿನಿಂದ ನಾನು ಮಾಡುತ್ತಿರುವುದು ಏನು ಅಂತ ಅವರು ಯಾರಿಗೆ ಬೇಕಾದರೂ ಒಂದು ವಾಕ್ಯದಲ್ಲಿ ಹೇಳಬಲ್ಲರು. ನನಗೆ ಈಗಲೂ ಆಗುವುದಿಲ್ಲ.

ಒಂದು ವ್ಯತ್ಯಾಸ ಇದೆ. ಹರಕೆ ಹೊತ್ತವರು ಯಾರ ಹತ್ತಿರವೂ ದುಡ್ಡು ಕೇಳಬೇಕಾಗಿಲ್ಲ. ನಾವು ಕೇಳಬೇಕು. ಈ ಸವಾರಿಗೆ ಹೆಸರು ಕೊಡುವಾಗಲೇ ಇಷ್ಟು ಸಾವಿರ ಡಾಲರ್ ಕೂಡಿಸುತ್ತೇನೆ ಅಂತ ಒಪ್ಪಿಕೊಳ್ಳಬೇಕು. ಕೂಡದಿದ್ದರೆ ಬಾಕಿಯನ್ನು ನಮ್ಮ ಕಾರ್ಡಿನಿಂದಲೇ ಕತ್ತರಿಸುತ್ತಾರೆ. ಇದೂ ಒಂದು ಪ್ರೇರಣೆ, ಸುಳ್ಳು ಹೇಳಬಾರದು. ಸೈಕಲ್ ಬೇಕಾಗುವುದು ಈ ಕೇಳುವ ಜಾಗದಲ್ಲಿ ಅಂತ ನನಗೆ ಅನ್ನಿಸಿದೆ. ಬರಿಗೈಯಲ್ಲಿ ಹೋಗಿ "ಕ್ಯಾನ್ಸರ್ ಸಂಶೋಧನೆಗೆ ನೂರು ಡಾಲರ್ ಕೊಡಿ" ಅಂದರೆ ಜನ ನೋಡುವ ರೀತಿಯೇ ಬೇರೆ. ಗಣೇಶನ ಚಂದಾ ಕೇಳಲು ಬಂದವರನ್ನು ಕಂಡು ಬಾಗಿಲು ಹಾಕಿಕೊಂಡ ಅನುಭವ ನಮಗೆಲ್ಲ ಇದೆ, ಅಲ್ವಾ? ಸೈಕಲ್ ತುಳಿಯುತ್ತೇನೆ ಅಂದಾಗ ಮಾತು ಬೇರೆ ಆಗುತ್ತದೆ. "ಎಷ್ಟು ದೂರ? ಎರಡೇ ದಿನಾನಾ? ನಿಮ್ಮ ವಯಸ್ಸೆಷ್ಟು?" ಅಲ್ಲಿಗೆ ಮಾತುಕತೆ ಶುರು. ಸೈಕಲ್ಲು ಕೇಳಲಿಕ್ಕೆ ಸಿಕ್ಕ ರಹದಾರಿ.

ಇದನ್ನು ಶುರು ಮಾಡಿದ ಬಿಲ್ಲಿ ಸ್ಟಾರ್ ಕಥೆಯೂ ಹೀಗೇ ಇದೆ. ಅವರ ತಾಯಿ 1974ರಲ್ಲಿ ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರಿನಿಂದ ತೀರಿಕೊಂಡರು, ಇನ್ನೂ 49 ವರ್ಷ. ಮಗ ಮೊದಲು ಸುಮ್ಮನೆ ಸೈಕಲ್ ಹೊಡೆದ, ಬಾಸ್ಟನ್‌ನಿಂದ ಪ್ರಾವಿನ್ಸ್‌ಟೌನ್‌ಗೆ. ಹಣ ಕೂಡಿಸುವ ಯೋಚನೆ ಆಮೇಲೆ ಬಂದದ್ದು. ತುಳಿಯುವುದು ಮೊದಲು, ಕಾರಣ ನಂತರ. ಈ ಕ್ರಮ ನನಗೆ ಹಿಡಿಸುತ್ತದೆ.

ದೇಣಿಗೆ ಕೇಳಿದಾಗ ಬರುವುದು ದುಡ್ಡು ಮಾತ್ರ ಆಗಿದ್ದರೆ ಸುಲಭವಿತ್ತು. ಜೊತೆಗೆ ಹೆಸರುಗಳು ಬರುತ್ತವೆ. ಆಫೀಸಿನಲ್ಲಿ ಹತ್ತು ವರ್ಷ ಪಕ್ಕದಲ್ಲೇ ಕೂತವರು, ಮಳೆ ಮತ್ತು ಸಾಫ್ಟ್‌ವೇರ್ ಬಿಲ್ಡ್ ಬಿಟ್ಟು ಬೇರೇನೂ ಮಾತಾಡದವರು, ರಾತ್ರಿ ಹನ್ನೊಂದಕ್ಕೆ 25 ಡಾಲರ್ ಕೊಟ್ಟು ಕೆಳಗೆ ಒಂದು ಹೆಂಗಸಿನ ಹೆಸರು ಬರೆದಿರುತ್ತಾರೆ. ಅಷ್ಟೇ. ಮರುದಿನ ಬೆಳಗ್ಗೆ ಮತ್ತೆ ಬಿಲ್ಡ್ ಬಗ್ಗೆ ಮಾತು. ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ಒಬ್ಬರು ಹತ್ತಿರ ಬಂದು, "ನಮ್ಮ ತಂದೆಯವರಿಗೂ ಆಗಿತ್ತು, ಹುಬ್ಬಳ್ಳಿಯಲ್ಲಿ, ಆಗ ನನಗೆ ಹೋಗೋಕೆ ಆಗಲಿಲ್ಲ" ಅಂದು, ಹೋಳಿಗೆ ಹಾಕಿಸಿಕೊಂಡು ಮುಂದೆ ಹೋದರು. ದೂರದೇಶದಲ್ಲಿರುವವರ ಹತ್ತಿರ ಇಂಥ "ಆಗಲಿಲ್ಲ"ಗಳು ಬೇಕಾದಷ್ಟಿವೆ. ಕೊಡುವ ಡಾಲರಿಗೆ ಅದೂ ಸೇರಿರುತ್ತದೆ.

ಮೂರು ಅಕ್ಷರ

ನನಗೆ ಗೊತ್ತಿರುವ ಕ್ಯಾನ್ಸರ್ ರೋಗಿಗಳಲ್ಲಿ ನಾನು ಹತ್ತಿರದಿಂದ ನೋಡಿದ್ದು ನಮ್ಮ ಚಿಕ್ಕಮ್ಮನನ್ನು. ತೊಂಬತ್ತರ ದಶಕದ ಕೊನೆ. ಸ್ತನ ಕ್ಯಾನ್ಸರ್. ನಾನು ಆಗ ಬೆಂಗಳೂರಿನಲ್ಲಿ ಓದುತ್ತಿದ್ದೆ. ರಜೆಯಲ್ಲಿ ಊರಿಗೆ ಹೋದಾಗ ಅವರನ್ನು ಕರೆದುಕೊಂಡು ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರುವ ಕೆಲಸ ನನ್ನದಾಗುತ್ತಿತ್ತು. ಕತ್ತಲಿರುವಾಗಲೇ ಹೊರಡುವ ಕೆಂಪು ಬಸ್ಸು. ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲ, ಮೆಜೆಸ್ಟಿಕ್. ಅಲ್ಲಿಂದ ಸಿಟಿ ಬಸ್ಸು. ಚಿಕ್ಕಮ್ಮನ ಬ್ಯಾಗಿನಲ್ಲಿ ಒಂದು ಸ್ಟೀಲ್ ಡಬ್ಬಿ, ಒಂದು ಚಾದರ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಫೈಲು. ಫೈಲನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂರುತ್ತಿದ್ದರು, ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ.

ಆ ದಾರಿಯಲ್ಲಿ ನಾವು ಮಾತಾಡಿದ್ದೇನು ಅಂತ ಯೋಚಿಸಿದರೆ ನಗು ಬರುತ್ತದೆ. ಅವರೆಕಾಯಿ ರೇಟು. ಪಕ್ಕದ ಮನೆಯವರು ಬೇಲಿ ಒತ್ತಿದ್ದು. ಯಾರದೋ ಮದುವೆಯಲ್ಲಿ ಪಾಯಸ ಸೀದದ್ದು. ಕುಣಿಗಲ್‌ನಲ್ಲಿ ಬಸ್ ನಿಂತಾಗ ನನಗೆ ಇಡ್ಲಿ ತಿನ್ನಿಸುತ್ತಿದ್ದರು, ತಾವು ತಿನ್ನುತ್ತಿರಲಿಲ್ಲ. ಬಾಯಿ ಹುಣ್ಣಾಗಿರುತ್ತಿತ್ತು. ತಣ್ಣನೆಯ ಗಂಜಿ, ಖಾರವಿಲ್ಲದ ಮೊಸರನ್ನ, ಅಷ್ಟೇ ಇಳಿಯುತ್ತಿದ್ದದ್ದು. ಮನೆಗೆ ನೋಡಲು ಬಂದವರೆಲ್ಲ "ಧೈರ್ಯವಾಗಿರು" ಅಂತ ಹೇಳಿ ಹೋಗುತ್ತಿದ್ದರು. ನೆಂಟರು, ಮೇಷ್ಟ್ರು, ಹಾಲಿನ ಡೈರಿಯವರು, ಎಲ್ಲರೂ. ಒಂದು ಸಲ ವಾಪಸ್ ಬರುವ ಬಸ್ಸಿನಲ್ಲಿ ನಾನೂ ಅದನ್ನೇ ಹೇಳಿದೆ. ಚಿಕ್ಕಮ್ಮ ಕಿಟಕಿಯಿಂದ ತಿರುಗಿ ನೋಡಿದರು. "ಧೈರ್ಯ ಇಲ್ದೋರಿಗೆ ಔಷಧಿ ಹತ್ತಲ್ವಂತಾ? ಡಾಕ್ಟ್ರು ಹಂಗೇನೂ ಹೇಳ್ಲಿಲ್ವಲ್ಲ. ನಂಗೆ ಹೆದರಿಕೆನೂ ಆಗುತ್ತೆ, ಔಷಧಿನೂ ತಗೊಳ್ತೀನಿ. ಅದರ ಕೆಲಸ ಅದು ಮಾಡ್ಲಿ." ಅಂದು ಚಾದರ ಹೊದ್ದುಕೊಂಡು ಮಲಗಿಬಿಟ್ಟರು.

ಆ ಫೈಲಿನ ಮೇಲೆ ದೊಡ್ಡದಾಗಿ ಮೂರು ಅಕ್ಷರ ಬರೆದಿತ್ತು. ಸಿ, ಎಂ, ಎಫ್. ಅದೇನು ಅಂತ ಆಗ ನನಗೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಬಾಸ್ಟನ್ನಿಗೆ ಬಂದು, ಈ ಸವಾರಿಗೆ ಸೇರಿ, ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಓದಲು ಕೂತಾಗ ತಿಳಿಯಿತು. ಸೈಕ್ಲೋಫಾಸ್ಫಮೈಡ್, ಮೆಥೋಟ್ರೆಕ್ಸೇಟ್, ಫ್ಲೋರೋಯುರಾಸಿಲ್. ಮೂರೂ ಕ್ಯಾನ್ಸರ್ ಔಷಧಿಗಳು. ನಡುವಿನದ್ದನ್ನು ನೋಡಿ. ಬಾಯಿ ಹುಣ್ಣಾಗಿಸುವುದರಲ್ಲಿ ಅದರ ಪಾಲು ದೊಡ್ಡದು. ಮೆಥೋಟ್ರೆಕ್ಸೇಟ್‌ನ ಅಕ್ಕ, ಅಂದರೆ ಅದಕ್ಕಿಂತ ಮೊದಲು ಬಂದ ಅದೇ ಜಾತಿಯ ಔಷಧಿ, ಅಮಿನಾಪ್ಟೆರಿನ್. ಲೆಡರ್ಲೆ ಅನ್ನುವ ಕಂಪನಿಯ ಪ್ರಯೋಗಾಲಯದಲ್ಲಿ ಅದನ್ನು ತಯಾರಿಸಿದ ತಂಡದ ಮುಖ್ಯಸ್ಥರು ಯಲ್ಲಾಪ್ರಗಡ ಸುಬ್ಬರಾವ್. ಆಂಧ್ರದ ಭೀಮಾವರಂನವರು. 1920ರ ದಶಕದ ಶುರುವಿನಲ್ಲಿ ಇದೇ ಬಾಸ್ಟನ್ನಿಗೆ ಓದಲು ಬಂದವರು. ಅವರು ಕಳಿಸಿದ ಔಷಧಿಯನ್ನು ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಅನ್ನುವ ವೈದ್ಯರು ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ಇದ್ದ ಮಕ್ಕಳಿಗೆ ಕೊಟ್ಟು ನೋಡಿದರು. 16 ಮಕ್ಕಳಲ್ಲಿ 10 ಮಕ್ಕಳಿಗೆ ಗುಣ ಕಂಡಿತು. ಶಾಶ್ವತವಾಗಿ ಅಲ್ಲ, ಕೆಲವು ತಿಂಗಳ ಮಟ್ಟಿಗೆ. ಅದು 1948. ಅದೇ ಆಗಸ್ಟ್‌ನಲ್ಲಿ ಸುಬ್ಬರಾವ್ ತೀರಿಕೊಂಡರು. ಫಾರ್ಬರ್ ಕಟ್ಟಿದ ಸಂಸ್ಥೆಗೇ ಈಗ ನಮ್ಮ ದುಡ್ಡು ಹೋಗುವುದು.

ಇದನ್ನು ಓದಿದ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಬಾಸ್ಟನ್ನಿನಲ್ಲಿ ಹುಟ್ಟಿಕೊಂಡ ಒಂದು ಚಿಕಿತ್ಸೆ ಐವತ್ತು ವರ್ಷ ತಿರುಗಿ ತಿರುಗಿ ಕುಣಿಗಲ್ ಬಸ್ ಸ್ಟ್ಯಾಂಡಿಗೆ ಬಂದಿತ್ತು. ನಾನು ಅದರ ಪಕ್ಕದಲ್ಲೇ ಇಡ್ಲಿ ತಿನ್ನುತ್ತಾ ಕೂತಿದ್ದೆ.

ಆಗ ಯಾರು ಯಾರೋ ಕೊಟ್ಟ ದುಡ್ಡು ಕೂಡ ಇದರಲ್ಲಿ ಸೇರಿದೆ. 1948ರ ಮೇ ತಿಂಗಳಲ್ಲಿ ಒಂದು ರೇಡಿಯೋ ಕಾರ್ಯಕ್ರಮದಲ್ಲಿ 12 ವರ್ಷದ ಒಬ್ಬ ರೋಗಿಯನ್ನು ಮಾತಾಡಿಸಿದರು. ಗುರುತು ಗೊತ್ತಾಗಬಾರದು ಅಂತ ಜಿಮ್ಮಿ ಅಂತ ಕರೆದರು. ಹುಡುಗನಿಗೆ ತನ್ನ ಮೆಚ್ಚಿನ ಬೇಸ್‌ಬಾಲ್ ತಂಡದ ಆಟ ನೋಡಲು ಒಂದು ಟಿವಿ ಬೇಕಿತ್ತು. ಜನ ಟಿವಿ ಕೊಡಿಸಿದರು, ಆ ವರ್ಷವೇ 2 ಲಕ್ಷ 31 ಸಾವಿರಕ್ಕೂ ಜಾಸ್ತಿ ಡಾಲರ್ ಕಳಿಸಿದರು. ಜಿಮ್ಮಿ ಫಂಡ್ ಹುಟ್ಟಿದ್ದು ಹಾಗೆ. ಆಮೇಲೆ ಆ ಹುಡುಗನ ಸುದ್ದಿಯೇ ಇರಲಿಲ್ಲ. ತೀರಿಹೋಗಿರಬೇಕು ಅಂತ ಎಲ್ಲರೂ ಅಂದುಕೊಂಡರು. ಐವತ್ತು ವರ್ಷ ಅವನ ನೆನಪಿಗೆ ಅಂತ ದುಡ್ಡು ಕೊಟ್ಟವರು ಎಷ್ಟು ಜನವೋ. 1998ರಲ್ಲಿ ಐನಾರ್ ಗುಸ್ತಾಫ್ಸನ್ ಅಂತ ಒಬ್ಬರು ಕಾಣಿಸಿಕೊಂಡರು. ಮೇಯ್ನ್ ರಾಜ್ಯದವರು, ಲಾರಿ ಓಡಿಸುತ್ತಿದ್ದವರು, ಮೊಮ್ಮಕ್ಕಳನ್ನು ಕಂಡವರು. ಅವರೇ ಜಿಮ್ಮಿ. ಬದುಕೇ ಇದ್ದರು!

ನನಗೆ ಈ ಕಥೆ ತುಂಬಾ ಇಷ್ಟ. ಎಲ್ಲರೂ ಆ ಮಗುವನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಿದ್ದಾಗ ಅವನು ಎಲ್ಲೋ ಲಾರಿಗೆ ಡೀಸೆಲ್ ಹಾಕಿಸುತ್ತಿದ್ದ. ನಮ್ಮ ಚಿಕ್ಕಮ್ಮನೂ ಬದುಕಿದ್ದಾರೆ. ಎಪ್ಪತ್ತು ದಾಟಿದೆ, ಬೇಲಿಯ ಜಗಳ ಈಗಲೂ ನಡೆಯುತ್ತಿದೆ. ಅವರ ಜೊತೆಗೇ ಔಷಧಿ ಹಾಕಿಸಿಕೊಳ್ಳುತ್ತಿದ್ದ ಅರಸೀಕೆರೆ ಕಡೆಯ ಒಬ್ಬಳು ಹುಡುಗಿ ಆಗ ಒಂದು ತಿಂಗಳಿಂದಾಚೆಗೆ ಬರಲೇ ಇಲ್ಲ. ಅವಳಿಗೆ ಧೈರ್ಯ ಕಡಿಮೆ ಇತ್ತು ಅಂತ ಯಾರಾದರೂ ಹೇಳಿದರೆ ನಾನು ಸುಮ್ಮನಿರಲಾರೆ.

ಮಗ್ಗಿ

ಹಾಗಾದರೆ ಶನಿವಾರ ಬೆಳಗ್ಗೆ ನನ್ನನ್ನು ಎಬ್ಬಿಸುವುದು ಏನು? ಮುಖ್ಯವಾಗಿ ಒಬ್ಬರು ಹೆಂಗಸು. ಅರವತ್ತು ದಾಟಿದವರು, ಶಾಲೆಯ ಬಸ್ ಓಡಿಸಿ ನಿವೃತ್ತರಾದವರು. ಲೈಬ್ರರಿಯ ಪಾರ್ಕಿಂಗ್ ಜಾಗದಲ್ಲಿ ಆರು ಗಂಟೆಗೆ ಬಂದು ನಿಂತಿರುತ್ತಾರೆ. ನಾನು ಹೋಗದಿದ್ದರೂ ನಿಂತಿರುತ್ತಾರೆ. ಮಲಗಿದ್ದಲ್ಲೇ ಅದನ್ನು ಯೋಚಿಸಿದರೆ ಸಾಕು, ಎದ್ದುಬಿಡುತ್ತೇನೆ. ಕ್ಯಾನ್ಸರ್ ಅವರಿಗೇ ಬಂದಿತ್ತು, ಎರಡು ಸಲ. ಪರಿಚಯವಾಗಿ ತುಂಬಾ ದಿನದ ಮೇಲೆ ಇದು ನನಗೆ ತಿಳಿಯಿತು, ಅದೂ ಬೇರೆಯವರಿಂದ. ನಮ್ಮ ಮಾತೆಲ್ಲ ಚೈನಿನ ಎಣ್ಣೆ, ಮನೆಯ ಸೂರಿನ ನೀರು ಹೋಗುವ ತಗಡು ಕ್ಲೀನ್ ಮಾಡಿಸಲು ಎಷ್ಟು ಕೇಳಿದರು, ನನ್ನ ಮಗಳ ಡ್ರೈವಿಂಗ್ ಪರೀಕ್ಷೆ. ಗಾಳಿ ಜೋರಿದ್ದರೆ ಅವರು ಮುಂದೆ, ನಾನು ಹಿಂದೆ. ಮುಂದಿನವರ ಚಕ್ರಕ್ಕೆ ಅಂಟಿಕೊಂಡು ಹೋದರೆ ಶ್ರಮ ಕಾಲು ಭಾಗದಷ್ಟು ಉಳಿಯುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಮೊಣಕೈ ಅಲ್ಲಾಡಿಸುತ್ತಾರೆ, ಆಗ ನನ್ನ ಸರದಿ. ಒಮ್ಮೆ ಕೇಳಿದೆ, ಏರಿನಲ್ಲಿ ಏನು ಯೋಚನೆ ಮಾಡ್ತೀರಿ ಅಂತ. "ಊಟ" ಅಂದರು. ಒಂದು ಕ್ಷಣವೂ ಯೋಚಿಸಲಿಲ್ಲ.

ಒಬ್ಬಳೇ ಇರುವಾಗ ನನ್ನದೊಂದು ಉಪಾಯ ಇದೆ. ಮಗ್ಗಿ ಹೇಳಿಕೊಳ್ಳುವುದು. ಜೋರಾಗಿ, ಕನ್ನಡದಲ್ಲಿ, ಪ್ರೈಮರಿ ಶಾಲೆಯ ರಾಗದಲ್ಲಿ. ಹದಿಮೂರೊಂದ್ಲಿ ಹದಿಮೂರು, ಹದಿಮೂರೆರಡ್ಲಿ ಇಪ್ಪತ್ತಾರು. ಹದಿಮೂರರಿಂದ ಹತ್ತೊಂಬತ್ತರವರೆಗಿನ ಮಗ್ಗಿಗಳು ಏರಿಗೆ ಹೇಳಿ ಮಾಡಿಸಿದ್ದು. ಉಸಿರು ಏದುಸಿರಾಗಿರುವಾಗ "ಹದಿನೇಳೆಂಟ್ಲಿ" ಹೇಳಿ, ನೂರ ಮೂವತ್ತಾರು ನೆನಪಾಗುವಷ್ಟರಲ್ಲಿ ಇನ್ನೂ ನೂರು ಅಡಿ ಹತ್ತಿರುತ್ತೇವೆ. ತಪ್ಪಿದರೆ ಮತ್ತೆ ಮೊದಲಿಂದ. ಪ್ರಿನ್ಸ್‌ಟನ್ ಕಡೆಯ ಏರಿನಲ್ಲಿ ನಾಯಿ ಕರೆದುಕೊಂಡು ಹೊರಟಿದ್ದ ಒಬ್ಬರು ಇದನ್ನು ಕೇಳಿ, ಪ್ರಾರ್ಥನೆಯಾ ಅಂತ ಕೇಳಿದರು. ಹೌದು ಅಂದೆ. ವಿವರಿಸಲು ಉಸಿರಿರಲಿಲ್ಲ.

ಸೈಕಲ್ಲಿನ ಕಂಪ್ಯೂಟರ್‌ನಲ್ಲಿ ಇನ್ನೆಷ್ಟು ಮೈಲಿ ಉಳಿದಿದೆ ಅಂತ ತೋರಿಸುವ ಭಾಗವನ್ನು ತೆಗೆದುಹಾಕಿದ್ದೇನೆ. ದಾರಿಯ ಗೆರೆ ಮಾತ್ರ ಕಾಣುತ್ತದೆ. ಕೆಲವರಿಗೆ ಎಣಿಕೆಯೇ ಬಲ ಕೊಡುತ್ತದೆ, ನನಗೆ ಅದು ಕಾಲು ಎಳೆಯುತ್ತದೆ. ಇದಕ್ಕೆಲ್ಲ ಯಾವ ಸಿದ್ಧಾಂತವೂ ಇಲ್ಲ. ಅವರವರ ಹಟಕ್ಕೆ ಅವರವರ ಉಪಾಯ.

ಸವಾರಿಯ ದಾರಿಯಲ್ಲಿ, ನೀರು ಕೊಡುವ ಕೆಲವು ಜಾಗಗಳಲ್ಲಿ, ಡೇನಾ-ಫಾರ್ಬರ್‌ನಲ್ಲಿ ಚಿಕಿತ್ಸೆ ಪಡೆಯುತ್ತಿರುವ ಮಕ್ಕಳ ಫೋಟೋಗಳನ್ನು ಹಾಕಿರುತ್ತಾರೆ. ಒಂದೊಂದು ತಂಡಕ್ಕೆ ಒಂದೊಂದು ಮಗು ಜೊತೆಗಾರ. ಕೆಲವು ಮಕ್ಕಳು ಬಂದೂ ಇರುತ್ತವೆ. ಹೋದ ಸಲ ನಾನು ನಿಂತಲ್ಲಿ ಏಳೆಂಟು ವರ್ಷದ ಒಬ್ಬ ಹುಡುಗನಿದ್ದ. ಕೈಯಲ್ಲಿ ಥ್ಯಾಂಕ್ಸ್ ಅಂತ ಬರೆದ ಬೋರ್ಡು. ಬೋರ್ಡು ತಲೆಕೆಳಗಾಗಿತ್ತು, ಗಮನವೆಲ್ಲ ಇನ್ನೊಂದು ಕೈಯ ಐಸ್‌ಕ್ಯಾಂಡಿಯ ಮೇಲೆ. ನನ್ನ ಜೊತೆಗಿದ್ದ ಸವಾರರೊಬ್ಬರು ಮಂಡಿಯೂರಿ ಕೂತು, ನೀನೇ ನನ್ನ ಹೀರೋ ಅಂತ ಏನೋ ಹೇಳಲು ಶುರುಮಾಡಿದರು, ಕಣ್ಣಲ್ಲಿ ನೀರು. ಹುಡುಗ ಅವರನ್ನು ಪೂರ್ತಿ ನೋಡಿ, ನಿಮ್ಮ ಸೈಕಲ್ಲಿಗೆ ಎಷ್ಟು ಗೇರ್ ಅಂತ ಕೇಳಿದ. ಇಪ್ಪತ್ತೆರಡು ಅಂದರು. ತನ್ನ ಅಣ್ಣನದಕ್ಕೆ ಇಪ್ಪತ್ತನಾಲ್ಕು ಅಂದ. ಅಲ್ಲಿಗೆ ಸಂದರ್ಶನ ಮುಗಿಯಿತು. ನನಗೆ ಆ ಹುಡುಗನ ಮೇಲೆ ಭಾರಿ ಗೌರವ ಬಂತು.

ದೇಣಿಗೆ ಕೊಡುವವರಿಗೆ ಇದನ್ನೆಲ್ಲ ಹೇಗೆ ಹೇಳುವುದು ಅನ್ನುವುದು ಇನ್ನೂ ಬಗೆಹರಿದಿಲ್ಲ. ಅವರು ಕಳಿಸಿದ ಹೆಸರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಸೈಕಲ್ಲಿಗೆ ಅಂಟಿಸಿಕೊಳ್ಳುವವರಿದ್ದಾರೆ, ಬೆನ್ನಿಗೆ ರಿಬ್ಬನ್ ಕಟ್ಟಿಕೊಳ್ಳುವವರಿದ್ದಾರೆ. ನಾನು ಮನೆಯಲ್ಲೇ ಇಡುತ್ತೇನೆ. ಹಿಂದಿನ ರಾತ್ರಿ ಟೈರಿಗೆ ಗಾಳಿ ಹೊಡೆದ ಮೇಲೆ, ಹೊಟ್ಟೆ ತುಂಬಿರುವಾಗ, ಕುರ್ಚಿಯಲ್ಲಿ ಕೂತು ಒಂದೊಂದಾಗಿ ಓದುತ್ತೇನೆ. ಸಾವಕಾಶವಾಗಿ ಓದಬೇಕಾದ ಹೆಸರುಗಳು ಅವು. ಏರಿನಲ್ಲಿ ಏದುಸಿರು ಬಿಡುತ್ತಾ ಓದುವಂಥವಲ್ಲ. ನಾನು ಏನು ನೆನೆದರೂ, ನೆನೆಯದಿದ್ದರೂ ಅವರ ಡಾಲರು ಅಷ್ಟೊತ್ತಿಗೆ ಹೋಗಿ ಸೇರಿರುತ್ತದೆ. ಅದರ ಕೆಲಸ ಅದು ಮಾಡುತ್ತಿರುತ್ತದೆ.

ಚಿಕ್ಕಮ್ಮನಿಗೆ ಈ ಸವಾರಿಯ ಬಗ್ಗೆ ಹೇಳಲು ನನಗೆ ಬಹಳ ದಿನ ಸಂಕೋಚವಿತ್ತು. ಅಮ್ಮನೇ ಹೇಳಿಬಿಟ್ಟಿದ್ದರು, ಪಾದಯಾತ್ರೆಯ ಲೆಕ್ಕದಲ್ಲೇ. ಕಳೆದ ತಿಂಗಳು ಅವರೇ ಫೋನ್ ಮಾಡಿದರು. "ನಂದೂ ಐನೂರಾ ಒಂದು ಬರ್ಕೊ. ನಿಮ್ಮಣ್ಣನ ಕೈಲಿ ಕೊಟ್ಟಿದೀನಿ" ಅಂದರು. ಅಷ್ಟು ರೂಪಾಯಿಗೆ ಆರು ಡಾಲರೂ ಸರಿಯಾಗಿ ಬರುವುದಿಲ್ಲ ಅಂತ ನಾನು ಹೇಳಲಿಲ್ಲ. ಅವರ ಹೆಸರಿನಲ್ಲಿ ಕಟ್ಟಿದೆ. ಎರಡು ದಿನ ಬಿಟ್ಟು ಮತ್ತೆ ಫೋನ್. ರಸೀದಿ ಎಲ್ಲಿ ಅಂತ. ಮೊಬೈಲಿಗೆ ಬಂದಿರುತ್ತೆ ಚಿಕ್ಕಮ್ಮ ಅಂದರೆ ಆಗುವುದಿಲ್ಲವಂತೆ, ಕಾಗದದಲ್ಲೇ ಬೇಕಂತೆ, ಅದನ್ನು ಅದೇ ಹಳೇ ಫೈಲಿಗೆ ಹಾಕಿಡಬೇಕಂತೆ. ಪ್ರಿಂಟ್ ತೆಗೆದು ಪೋಸ್ಟ್ ಮಾಡಿದ್ದೇನೆ. ಅಂಚೆ ಖರ್ಚು ದೇಣಿಗೆಯ ಹತ್ತಿರ ಹತ್ತಿರ ಬಂತು.